ಬನವಾಸಿ: ಹಳೆಯ ರಾಜಧಾನಿ ನೋಡಲು ಒಂದು ದಿನ

ಬನವಾಸಿಗೆ ಮೊದಲ ಸಲ ಬಂದ ನೆಂಟರು ಅರಮನೆ ಎಲ್ಲಿ ಎಂದು ಕೇಳುತ್ತಾರೆ. ಅರಮನೆ ಉಳಿದಿಲ್ಲ. ಸುಮಾರು ಕ್ರಿ.ಶ. 345ರಲ್ಲಿ ಮಯೂರಶರ್ಮ ಕಟ್ಟಿದ ಕದಂಬ ರಾಜ್ಯದ ಈ ರಾಜಧಾನಿಯಲ್ಲಿ ಈಗ ಕಾಣಸಿಗುವುದು ಊರನ್ನು ಬಳಸಿ ಹರಿಯುವ ವರದೆ, ಕೋಟೆಯ ಅಳಿದುಳಿದ ಗುರುತು ಮತ್ತು ಮಧುಕೇಶ್ವರ ದೇವಸ್ಥಾನ. ಅದೊಂದನ್ನೇ ಸಾವಕಾಶವಾಗಿ ನೋಡಿದರೂ ಅರ್ಧ ದಿನ ಬೇಕು.

ಶಿರಸಿಯಿಂದ ಸುಮಾರು 24 ಕಿ.ಮೀ. ದಾರಿ. ಬಸ್ಸಿಗೆ ಬರುವ ಯಲ್ಲಾಪುರ, ಸಿದ್ದಾಪುರದವರು ಶಿರಸಿಯಲ್ಲಿ ಇಳಿದು ಹತ್ತುವುದು ಸಲೀಸು. ಬೆಳಗಿನ ಪೂಜೆಯ ಹೊತ್ತಿಗೆ ಮುಟ್ಟಿಬಿಡಿ. ಬಿಸಿಲೇರಿದರೆ ಅಂಗಳದ ಕಲ್ಲಿನ ಮೇಲೆ ಬರಿಗಾಲು ಇಡಲಾಗುವುದಿಲ್ಲ.

ಎಲ್ಲರೂ ನೇರ ನಂದಿಯ ಎದುರು ಫೋಟೋಕ್ಕೆ ನಿಲ್ಲುತ್ತಾರೆ. ನೀವು ಮೊದಲು ಐದು ಹೆಡೆಯ ನಾಗಶಿಲೆ ಹುಡುಕಿ. ಅದು ಕದಂಬರಿಗೂ ಹಿಂದೆ ಇಲ್ಲಿ ಆಳಿದ ಚುಟು ಸಾತಕರ್ಣಿಗಳ ಕಾಲದ್ದು. ಅಂಚಿನ ಪ್ರಾಕೃತ ಶಾಸನದಲ್ಲಿ ರಾಜನ ಮಗಳೊಬ್ಬಳು ನಾಗ, ಕೆರೆ, ವಿಹಾರಗಳನ್ನು ದಾನ ಕೊಟ್ಟ ಸಂಗತಿಯಿದೆ. ಕೆತ್ತಿದ ಶಿಲ್ಪಿ ನಟಕನ ಹೆಸರೂ ಇದೆ. ದೊರೆಮಗಳ ಜೊತೆ ಕಲ್ಲುಕುಟಿಗನೂ ದಾಖಲಾಗಿದ್ದಾನೆ ಎಂಬುದೇ ನನಗೆ ಹೆಚ್ಚು ಹಿಡಿಸುವ ಸಂಗತಿ.

ಆಮೇಲೆ ಒಳಗೆ ನಡೆಯಿರಿ. ಗರ್ಭಗುಡಿಯ ಭಾಗ ಸರಳ, ಹಳೆಯದು. ಮುಂದಿನ ಮಂಟಪದ ಕಂಬಗಳು ಕಲ್ಯಾಣ ಚಾಲುಕ್ಯರ ಕಾಲದ ಕೈಚಳಕ. ಕಂಬದ ಕಲ್ಲನ್ನು ತಿರುಗಣೆಗೆ ಕೊಟ್ಟು, ಅದು ತಿರುಗುವಾಗ ಉಳಿ ಹಿಡಿದು ಕಡೆಯುತ್ತಿದ್ದರು; ಅದಕ್ಕೇ ಸುತ್ತಲಿನ ಬಳೆಗಳು ಕೂದಲೆಳೆಯಷ್ಟೂ ವಾಲಿಲ್ಲ. ಉಜ್ಜಿ ಹೊಳಪು ಕೊಟ್ಟ ಕಂಬದ ಹತ್ತಿರ ಮುಖ ಒಯ್ದು ನೋಡಿ. ಉಬ್ಬಿದ ಕಡೆ ನಿಮ್ಮ ಬಿಂಬ ನೆಟ್ಟಗೆ, ತಗ್ಗಿದ ಕಡೆ ತಲೆಕೆಳಗು. ನಂದಿಯ ಒಂದು ಕಣ್ಣು ಶಿವನತ್ತ, ಇನ್ನೊಂದು ಪಾರ್ವತಿಯತ್ತ ಎನ್ನುತ್ತಾರೆ. ನಿಂತ ಜಾಗ ಬದಲಿಸುತ್ತ ನೀವೇ ತೀರ್ಮಾನಿಸಿ. ಕೊನೆಗೆ ಸೋದೆ ಅರಸರ ಕಾಲದ ಕಲ್ಲಿನ ಮಂಚ. ಅದರ ಕುಸುರಿ ಬಡಗಿಯ ಕೆಲಸವೆಂದೇ ಅನಿಸಬೇಕು, ಹಾಗಿದೆ. ಹೊರಬಂದು ಮೇಲೆ ನೋಡಿದರೆ ಇಳಿಜಾರು ಕಲ್ಲುಹಾಸಿನ ಮಾಡು: ಮಲೆನಾಡಿನ ಮಳೆಗೆ ತಕ್ಕ ಏರ್ಪಾಡು.

ಊಟದ ನಂತರ ಹತ್ತಿರದ ಗುಡ್ನಾಪುರ. ದೊಡ್ಡ ಕೆರೆಯ ಊರು. ಕದಂಬ ರವಿವರ್ಮನ ಶಾಸನ ಸಿಕ್ಕಿದ್ದು ಇಲ್ಲಿ. ಹೋಗುವಾಗ ರಸ್ತೆಬದಿ ಅನಾನಸು ಸಿಕ್ಕರೆ ಬಿಡಬೇಡಿ, ಬನವಾಸಿ ಸೀಮೆಯದು ಹೆಸರುವಾಸಿ.

ಸ್ವಂತ ಗಾಡಿಯಿದ್ದರೆ ಶಿರಾಳಕೊಪ್ಪದ ಬಳಿಯ ತಾಳಗುಂದಕ್ಕೂ ಹೋಗಬಹುದು. ಮಯೂರಶರ್ಮ ಕಲಿಯಲು ಕಂಚಿಗೆ ಹೋಗಿ, ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ಶಾಸ್ತ್ರ ಬಿಟ್ಟು ಶಸ್ತ್ರ ಹಿಡಿದ ಕತೆ ಗೊತ್ತಾಗುವುದು ಪ್ರಣವೇಶ್ವರ ಗುಡಿಯೆದುರಿನ ಕಂಬದ ಶಾಸನದಿಂದ. ಬರೆದ ಕವಿ ಕುಬ್ಜ. ಬಸ್ಸಿಗೆ ಹೋದವರು ತಾಳಗುಂದವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಇಳಿದ ಕೂಡಲೇ ಶಿರಸಿಗೆ ಸಂಜೆಯ ಬಸ್ಸು ಎಷ್ಟಕ್ಕೆಂದು ನಿಲ್ದಾಣದಲ್ಲೇ ಕೇಳಿಟ್ಟುಕೊಳ್ಳಿ.