ಅಂದು ಮಾರಾಟವಾಗದ ಪ್ಲೇಟು, ಇಂದು ಲಕ್ಷಗಟ್ಟಲೆ ಬೆಲೆ!

ಅಟ್ಟದ ಮೇಲೆ ಅಜ್ಜನ ಕಾಲದ ಗ್ರಾಮಫೋನ್ ಪ್ಲೇಟುಗಳಿದ್ದರೆ, ಬಂದ ನೆಂಟರಲ್ಲಿ ಒಬ್ಬರಾದರೂ ‘ಇವಕ್ಕೆ ಈಗ ಚಿನ್ನದ ಬೆಲೆಯಂತೆ’ ಎಂದು ಆಸೆ ಹುಟ್ಟಿಸಿ ಹೋಗುತ್ತಾರೆ. ಹೆಚ್ಚಿನ ಸಲ ಅದು ಬರೀ ಆಸೆಯೇ. ಹಳೆಯದು ಎಂಬ ಒಂದೇ ಕಾರಣಕ್ಕೆ ಪ್ಲೇಟಿಗೆ ಬೆಲೆ ಬರುವುದಿಲ್ಲ. ಮತ್ತೆ ಹೇಗೆ ಬರುತ್ತದೆ? ಯೊಹಾನಾ ಮಾರ್ಟ್ಸಿ ಎಂಬ ಪಿಟೀಲು ವಾದಕಿಯ ಕಥೆ ಕೇಳಿ.

ಹಂಗೇರಿಯನ್ ಮನೆತನದ ಮಾರ್ಟ್ಸಿ ಹುಟ್ಟಿದ್ದು 1924ರಲ್ಲಿ, ರೊಮೇನಿಯಾದಲ್ಲಿ. 1947ರಲ್ಲಿ ಜಿನೀವಾದ ಪ್ರಸಿದ್ಧ ಸಂಗೀತ ಸ್ಪರ್ಧೆಯಲ್ಲಿ ಗೆದ್ದು ಹೆಸರಾದರು. 1954-55ರಲ್ಲಿ ಇಂಗ್ಲೆಂಡಿನ ಕೊಲಂಬಿಯಾ ಕಂಪನಿಗಾಗಿ, ಬಾಖ್ ಒಂಟಿ ಪಿಟೀಲಿಗೆಂದೇ ರಚಿಸಿದ ಆರು ಕೃತಿಗಳನ್ನು ನುಡಿಸಿದರು. ಅವು ಮೂರು ಎಲ್‌ಪಿಗಳಾಗಿ ಹೊರಬಂದವು. ಹಾಡಿಲ್ಲ, ವಾದ್ಯವೃಂದವಿಲ್ಲ, ಒಂದೇ ಪಿಟೀಲು. ಅಂಥದ್ದಕ್ಕೆ ಮೂರು ಪ್ಲೇಟುಗಳ ದುಡ್ಡು ಕೊಡುವವರು ಆಗ ಎಷ್ಟು ಮಂದಿ? ಸ್ವಲ್ಪವೇ ಮಾರಾಟವಾದವು. 1958ರ ಹೊತ್ತಿಗೆ ಸ್ಟೀರಿಯೊ ಬಂತು. ಮಾರ್ಟ್ಸಿಯವರದು ಮೋನೊ, ಅದು ಹಳೇ ಸರಕಾಯಿತು.

ಈಗ ಆ ಮೂರು ಮೂಲ ಪ್ಲೇಟುಗಳ ಜೋಡಣೆ ಸಾವಿರಾರು ಪೌಂಡಿಗೆ ಕೈ ಬದಲಾಗುತ್ತದೆ. ನಮ್ಮ ಲೆಕ್ಕದಲ್ಲಿ ಲಕ್ಷಗಟ್ಟಲೆ ರೂಪಾಯಿ!

ಇದಕ್ಕೆ ತದ್ವಿರುದ್ಧ ಕರಾಯನ್ ಅವರ ಸಂಗತಿ. ಬರ್ಲಿನ್ ವಾದ್ಯವೃಂದದೊಂದಿಗೆ ಅವರು ನಿರ್ದೇಶಿಸಿದ ಬೀಥೋವನ್‌ನ ಒಂಬತ್ತು ಸಿಂಫನಿಗಳ ಪೆಟ್ಟಿಗೆ 1963ರಲ್ಲಿ ಬಂತು. ಸೊಗಸಾದ ಸಂಗೀತ. ಲಕ್ಷಗಟ್ಟಲೆ ಮನೆ ಸೇರಿತು. ಅದಕ್ಕೇ ಇಂದು ಹಳೆ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅಂದು ಜನ ಮುಗಿಬಿದ್ದು ಕೊಂಡದ್ದು ಇಂದು ಅಪರೂಪವಲ್ಲ, ಅಷ್ಟೇ.

ಸಂಗ್ರಾಹಕರು ಸಂಗೀತಕ್ಕಿಂತ ಮೊದಲು ನೋಡುವುದು ಪ್ಲೇಟಿನ ನಡುವಿನ ದುಂಡು ಚೀಟಿಯನ್ನು. ಕೊಲಂಬಿಯಾದ ಮೊದಮೊದಲ ಸ್ಟೀರಿಯೊ ಪ್ಲೇಟುಗಳ ಚೀಟಿ ನೀಲಿ-ಬೆಳ್ಳಿ ಬಣ್ಣದ್ದು. ನಂತರದ ಮುದ್ರಣಗಳದ್ದು ಕೆಂಪು. ರಷ್ಯದ ಲಿಯೊನಿದ್ ಕೊಗಾನ್ ನುಡಿಸಿದ ಬೀಥೋವನ್ ಪಿಟೀಲು ಕಾನ್ಚೆರ್ಟೊ ಇದಕ್ಕೆ ಹೆಸರುವಾಸಿ. ನೀಲಿ-ಬೆಳ್ಳಿ ಚೀಟಿಯಿದ್ದರೆ ಭಾರಿ ಬೆಲೆ. ಅದೇ ಕೊಗಾನ್, ಅದೇ ಬೀಥೋವನ್, ಚೀಟಿ ಮಾತ್ರ ಕೆಂಪು ಎಂದರೆ ಬೆಲೆ ಜರ್ರನೆ ಇಳಿಯುತ್ತದೆ. ಮೊದಲ ಮುದ್ರಣದ ನಾದವೇ ಬೇರೆ ಎನ್ನುತ್ತಾರೆ ಅವರು. ಅಚ್ಚುಗಳು ಒತ್ತಿ ಒತ್ತಿ ಸವೆಯುವುದು ನಿಜ, ಹಾಗಾಗಿ ಆ ಮಾತಿನಲ್ಲಿ ಸ್ವಲ್ಪ ಹುರುಳುಂಟು. ಆದರೆ ಅಷ್ಟು ಹಣ ತೆತ್ತ ಕಿವಿಗೆ ನಾದ ತುಸು ಹೆಚ್ಚೇ ಇಂಪಾಗಿ ಕೇಳಿಸುತ್ತದೆ ಎಂಬ ಅನುಮಾನ ನನಗಿದೆ!

ಇಷ್ಟಿದ್ದೂ ಮೈಮೇಲೆ ಗೀರಿದ್ದರೆ ಆಟ ಮುಗಿದಂತೆ. ಅಂದಿನ ಭಾರದ ಮುಳ್ಳುಗಳು ಎಷ್ಟೋ ಪ್ಲೇಟುಗಳ ಗೆರೆಗಳನ್ನು ಕೊರೆದು ಹಾಳುಮಾಡಿದವು. ಕೊಳ್ಳುವವರು ದೀಪದ ಕೆಳಗೆ ಪ್ಲೇಟನ್ನು ಓರೆಯಾಗಿ ಹಿಡಿದು, ಇಂಚಿಂಚೂ ನೋಡಿಯೇ ದುಡ್ಡು ಬಿಚ್ಚುತ್ತಾರೆ.

ಮಾರ್ಟ್ಸಿಯವರ ಬಾಖ್ ಈಗ ಸಿಡಿಯಲ್ಲೂ ಬಂದಿದೆ, ಹೊಸ ಎಲ್‌ಪಿಯಾಗಿಯೂ ಅಚ್ಚಾಗಿದೆ. ಕೇಳುವ ಆಸೆಯಿದ್ದವರಿಗೆ ಲಕ್ಷ ಬೇಕಿಲ್ಲ. ಆದರೂ ಮೂಲ ಪ್ಲೇಟುಗಳ ಬೆಲೆ ಬೀಳಲಿಲ್ಲ. ಈ ಹಣವೆಲ್ಲ ಮಾರುವವರ ಜೇಬಿಗೆ ಹೋಗುತ್ತದೆಯೇ ಹೊರತು ನುಡಿಸಿದವರಿಗಲ್ಲ. ಮಾರ್ಟ್ಸಿ 1979ರಲ್ಲಿ, 54ನೆಯ ವಯಸ್ಸಿನಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು.