ಖೊಖೊ ಅಂಕಣಕ್ಕೆ ನಾಲ್ಕು ಸೈಟು

ಖೊಖೊ ಅಂಕಣದ ಉದ್ದ 27 ಮೀಟರ್, ಅಗಲ 16. ಬೆಂಗಳೂರಿನವರಿಗೆ ತಿಳಿಯುವ ಲೆಕ್ಕದಲ್ಲಿ ಹೇಳಿದರೆ ಹತ್ತಿರಹತ್ತಿರ ನಾಲ್ಕು ಥರ್ಟಿ ಫಾರ್ಟಿ ಸೈಟು. ಗಂಡಸರ ಕಬಡ್ಡಿಗೆ 13 ಮೀಟರ್ ಉದ್ದ, 10 ಅಗಲ ಸಾಕು. ಒಂದು ಸೈಟಿಗಿಂತ ಚೂರು ಜಾಸ್ತಿ, ಅಷ್ಟೆ. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದೇ ತಲೆ ನೆರೆಸಿಕೊಂಡವನು ನಾನು. ಖಾಲಿ ಜಾಗ ಕಂಡರೆ ಕಣ್ಣು ತಾನಾಗಿಯೇ ಅಳತೆ ಹಾಕುತ್ತದೆ. ಹನುಮಂತನಗರದಲ್ಲಿ ಅದಕ್ಕೆ ಹೆಚ್ಚು ಕೆಲಸವಿಲ್ಲ.

ನಮ್ಮದು ಗುಡ್ಡದ ಬಡಾವಣೆ. ಒಂದು ಕಡೆ ರಾಮಾಂಜನೇಯ ಗುಡ್ಡ, ಅದರ ಮೇಲೆ ಹನುಮಂತನನ್ನು ಅಪ್ಪಿಕೊಂಡು ನಿಂತ ರಾಮನ ದೊಡ್ಡ ವಿಗ್ರಹ. ಇನ್ನೊಂದು ಕಡೆ ಕುಮಾರಸ್ವಾಮಿ ಗುಡ್ಡ, ಹಳೆಯ ಬೆಂಗಳೂರಿಗರ ಬಾಯಲ್ಲಿ ಮೌಂಟ್ ಜಾಯ್. ಆಚೆ ಬಸವನಗುಡಿಯ ಬ್ಯೂಗಲ್ ರಾಕ್, ಈಚೆ ಗವೀಪುರದ ಕೆಳಗೆ ಕೆಂಪಾಂಬುಧಿ ಕೆರೆ. ಹಸಿರು ಇಲ್ಲವೆಂದು ನಾವು ದೂರುವ ಹಾಗಿಲ್ಲ. ಆದರೆ ಇವೆಲ್ಲ ಬಂಡೆ, ಇಳಿಜಾರು, ನೀರು. ಮಟ್ಟಸವಾದ ನೆಲದಲ್ಲಿ ಮನೆಗಳು ಎದ್ದವು. ಮನೆ ಕಟ್ಟಲಾಗದ ಜಾಗ ಪಾರ್ಕಾಯಿತು. ನಡೆಯುವವರಿಗೆ, ಕೂತು ಮಾತಾಡುವವರಿಗೆ ಅದು ಸೊಗಸು. ಹನ್ನೆರಡು ವರ್ಷದ ಹುಡುಗಿ ಖೊಖೊ ಆಡಬೇಕೆಂದರೆ ಎಲ್ಲಿಗೆ ಹೋಗಬೇಕು?

ಕಾನೂನು ಇದನ್ನು ಯೋಚಿಸಿಲ್ಲವೆಂದಲ್ಲ. 1976ರ ಬಿಡಿಎ ಕಾಯ್ದೆಯ ಪ್ರಕಾರ ಬಡಾವಣೆಯೊಂದನ್ನು ರಚಿಸುವಾಗ ಕನಿಷ್ಠ ಶೇ. 15ರಷ್ಟು ನೆಲವನ್ನು ಪಾರ್ಕು ಮತ್ತು ಆಟದ ಮೈದಾನಕ್ಕೆ ಬಿಡಬೇಕು, ನಾಗರಿಕ ಸೌಲಭ್ಯಗಳಿಗೆ ಅದಲ್ಲದೆ ಇನ್ನೂ ಶೇ. 10. ಪಾರ್ಕು, ಆಟದ ಮೈದಾನ ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದ್ದರಿಂದ ಪೂರ್ತಿ ಪಾರ್ಕು ಮಾಡಿದರೂ ಲೆಕ್ಕ ಸರಿಹೋಗುತ್ತದೆ. ಹಾಗೇ ಆಗುತ್ತದೆ ಕೂಡ. 1985ರಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ ರಾಜ್ಯ ಒಂದು ಕಾಯ್ದೆ ಮಾಡಿತು. ತನ್ನ ವ್ಯಾಪ್ತಿಯ ಇಂಥ ಜಾಗಗಳ ಪಟ್ಟಿಯನ್ನು ಸ್ಥಳೀಯ ಆಡಳಿತ ಇಟ್ಟಿರಬೇಕು. ನಿಮ್ಮ ವಾರ್ಡಿನ ಪಟ್ಟಿ ಕೇಳಿ ನೋಡಿ, ಕೇಳಿದವರು ಕಡಿಮೆ.

ಕೇಳಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಊರಿನದೇ ಒಂದು ದೊಡ್ಡ ಕಥೆಯಿದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಮುಖ್ಯಮಂತ್ರಿಗಳ ಸೂಚನೆಯಂತೆ ಖಾಸಗಿ ನರ್ಸಿಂಗ್ ಹೋಮಿಗೆ ಹಂಚಲಾಗಿತ್ತು. ಅಕ್ಕಪಕ್ಕದ ನಿವಾಸಿಗಳು ಕೋರ್ಟಿಗೆ ಹೋದರು. 'ನಿಮ್ಮ ಸ್ವಂತ ಜಾಗವೇ, ನಿಮಗೇನು ನಷ್ಟ?' ಎಂಬ ವಾದ ಅವರ ಎದುರಿಗೆ ಬಂತು. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿ ನಿಂತಿತು: ಪಾರ್ಕು ಹೋದರೆ ನಷ್ಟ ಅಲ್ಲಿ ವಾಸಿಸುವವರಿಗೇ, ಆದ್ದರಿಂದ ಪ್ರಶ್ನಿಸುವ ಹಕ್ಕೂ ಅವರಿಗಿದೆ, ಯೋಜನೆಯಲ್ಲಿ ಪಾರ್ಕೆಂದು ಗುರುತಿಸಿದ ನೆಲವನ್ನು ಹೀಗೆ ಖಾಸಗಿಯವರಿಗೆ ಕೊಡುವಂತಿಲ್ಲ. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಎಂಬ ಈ ತೀರ್ಪನ್ನು ದೇಶದ ಉದ್ದಗಲದ ಕೋರ್ಟುಗಳಲ್ಲಿ ಇವತ್ತಿಗೂ ಎತ್ತಿ ಹೇಳುತ್ತಾರೆ.

ಆದರೆ ಕೋರ್ಟು ಪಾರ್ಕನ್ನು ಉಳಿಸಿಕೊಡುತ್ತದೆ. ಒಳಗೆ ಏನಿರಬೇಕು, ಯಾರು ಯಾವ ಹೊತ್ತಿಗೆ ಬರಬೇಕು ಎನ್ನುವುದನ್ನು ನಾವೇ ಕೂತು ತೀರ್ಮಾನಿಸಬೇಕು. ಅದಕ್ಕಾಗಿ ಇರುವುದೇ ವಾರ್ಡ್ ಸಮಿತಿ. ಅದಕ್ಕೆ ದಾರಿ ಮಾಡಿಕೊಟ್ಟ ಸಂವಿಧಾನದ 74ನೇ ತಿದ್ದುಪಡಿ ಬಂದದ್ದು 1992ರಲ್ಲಿ. ನಮ್ಮ ಪೌರ ನಿಗಮಗಳ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ಆಗಿ, ವಾರ್ಡಿಗೊಂದು ಸಮಿತಿ, ಅದರಲ್ಲಿ 10 ಜನ ಸದಸ್ಯರು, ಕನಿಷ್ಠ ಮೂವರು ಹೆಂಗಸರು, ಇಬ್ಬರು ಪರಿಶಿಷ್ಟರು, ಇಬ್ಬರು ನಿವಾಸಿಗಳ ಸಂಘದವರು ಎಂದಾಯಿತು. ಅದು ಕಾಗದದಿಂದ ಕೆಳಗಿಳಿಯಲು ಹೈಕೋರ್ಟು ಬೆನ್ನು ಹತ್ತಬೇಕಾಯಿತು. 2018ರ ಕೊನೆಯ ಹೊತ್ತಿಗೆ ತಿಂಗಳ ಮೊದಲ ಶನಿವಾರ ಸಭೆ ಎಂಬ ಪದ್ಧತಿ ಬಂತು. ಆಗ ಹನುಮಂತನಗರ 155ನೇ ವಾರ್ಡು.

ದಕ್ಷಿಣ ಬೆಂಗಳೂರಿನ ಅಂಥದೊಂದು ಸಭೆಯಲ್ಲಿ ನಾನೂ ಕೂತಿದ್ದೆ. ಯಾವ ವಾರ್ಡೆಂದು ಹೇಳುವ ಅಗತ್ಯವಿಲ್ಲ. ಬಂದವರಲ್ಲಿ ಮುಕ್ಕಾಲು ಪಾಲು ನನ್ನ ವಯಸ್ಸಿನವರೇ: ಪೆನ್ಷನ್ ಬರುವವರು, ಬೆಳಿಗ್ಗೆ ವಾಕಿಂಗ್ ಮುಗಿಸಿ ತಿಂಡಿ ತಿಂದು ಬಂದವರು. ಟ್ರ್ಯಾಕಿಗೆ ಇಂಟರ್‌ಲಾಕ್ ಹಾಕಿಸಿ, ಯೋಗಕ್ಕೆ ಮಂಟಪ ಕಟ್ಟಿಸಿ, ಗೇಟು ಎತ್ತರಿಸಿ ಎಂದರು. ಮಕ್ಕಳಿಗೆ ಒಂದು ಮೂಲೆ ಬಿಡಿ ಎಂದು ನಾನೆಂದೆ. ಹಿಂದಿನ ಸಾಲಿನ ಒಬ್ಬರು ಅಮ್ಮ, "ಆಡಬೇಡಿ ಅನ್ನಲ್ಲ ಮೇಷ್ಟ್ರೇ, ಚೆಂಡು ಬಂದು ನಮ್ಮೆಜಮಾನ್ರ ಕನ್ನಡಕ ಒಡೆದುಹೋಯ್ತಲ್ಲ, ಅದಕ್ಕೇನು ಹೇಳ್ತೀರಿ?" ಎಂದರು. ನ್ಯಾಯವಾದ ಮಾತೇ. ಅಷ್ಟರಲ್ಲಿ ಎಂಜಿನಿಯರ್ ಫೈಲು ಮುಚ್ಚಿದರು. "ಸಾರ್, ಎಸ್ಟಿಮೇಟ್ ಆಗಿದೆ, ಟೆಂಡರೂ ಹೋಗಿದೆ. ನಿಮ್ಮ ಸಲಹೆ ಬರ್ಕೊಂಡಿದೀನಿ, ಮುಂದಿನ ಸಲ ನೋಡೋಣ."

ನನ್ನ ತಕರಾರು ಆ ಎಂಜಿನಿಯರ್ ಮೇಲಲ್ಲ. ದುಡ್ಡಿನ ತೀರ್ಮಾನ ಆದಮೇಲೆ ಅಭಿಪ್ರಾಯ ಕೇಳುವ ಏರ್ಪಾಡಿನಲ್ಲಿ ಅವರಿಗೂ ಬೇರೆ ಉತ್ತರವಿಲ್ಲ. ಇನ್ನು ಶನಿವಾರ ಬೆಳಿಗ್ಗೆ ಸಭೆ ಕರೆದರೆ ಅಂಗಡಿ ತೆರೆಯುವವರು, ಮನೆಗೆಲಸಕ್ಕೆ ಹೋಗುವವರು, ಹೂ ಮಾರುವವರು ಹೇಗೆ ಬಂದಾರು? ಮಕ್ಕಳನ್ನಂತೂ ಯಾರೂ ಕರೆಯುವುದಿಲ್ಲ. ಬರುವವರ ಬೇಡಿಕೆಯೇ ಪಾರ್ಕಿನ ನಕ್ಷೆಯಾಗುತ್ತದೆ. ನಮ್ಮ ಪಾರ್ಕುಗಳು ನಡುಹಗಲು ಬೀಗ ಹಾಕಿಕೊಂಡಿರುತ್ತಿದ್ದುದನ್ನು ನೆನೆಯಿರಿ. ಬೆಳಿಗ್ಗೆ, ಸಂಜೆ ಬರುವವರಿಗೆ ಅದರಿಂದ ತೊಂದರೆಯಿರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಲು ನೆರಳು ಹುಡುಕುವ ಡೆಲಿವರಿ ಹುಡುಗ ಗೇಟಿನ ಹೊರಗೇ ಕೂರುತ್ತಿದ್ದ. 2024ರಲ್ಲಿ ಪಾಲಿಕೆ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದ ಮೇಲೆ ಅವನೂ ಒಳಗೆ ಬಂದ. ಒಂದು ಕಲ್ಲೂ ಕದಲಿಸದೆ, ಬರೀ ವೇಳಾಪಟ್ಟಿ ಬದಲಿಸಿ ಆದ ಕೆಲಸ ಇದು.

ಬಜೆಟ್ಟಿಗೆ ಮೊದಲೇ ಜನರನ್ನು ಕೇಳುವುದು ಆಗದ ಮಾತೇನಲ್ಲ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಇದನ್ನು ಶುರುಮಾಡಿತು. ಅಷ್ಟು ದೂರ ಹೋಗುವುದೂ ಬೇಡ, ಪುಣೆಯಲ್ಲಿ 2006ರಿಂದ ನಾಗರಿಕರು ತಮ್ಮ ವಾರ್ಡಿನ ಸಣ್ಣ ಕಾಮಗಾರಿಗಳನ್ನು ಬಜೆಟ್ಟಿಗೆ ಸೂಚಿಸುತ್ತಾರೆ. ಬೆಂಗಳೂರಿನಲ್ಲೂ ಜನಾಗ್ರಹ ಸಂಸ್ಥೆ 2015ರಿಂದ 'ನನ್ನ ನಗರ ನನ್ನ ಬಜೆಟ್' ಎಂದು ಊರೆಲ್ಲ ಸುತ್ತಿ ಸಲಹೆ ಕೂಡಿಸಿತು.

ಇಡೀ ನಗರದ ನಕ್ಷೆಯ ವಿಷಯಕ್ಕೆ ಬಂದರೆ ಅನುಭವ ಕಹಿ. 2031ರ ಪರಿಷ್ಕೃತ ಮಾಸ್ಟರ್ ಪ್ಲಾನಿನ ಕರಡು 2017ರ ನವೆಂಬರಿನಲ್ಲಿ ಹೊರಬಿತ್ತು. ಆಕ್ಷೇಪಣೆಗೆ 60 ದಿನ. ಜನ ಸಾವಿರಾರು ಅರ್ಜಿ ಬರೆದರು. 2020ರಲ್ಲಿ ಸರ್ಕಾರ ಆ ಕರಡನ್ನೇ ವಾಪಸ್ ಪಡೆಯಿತು. 2007ರ ಹಳೇ ಪ್ಲಾನೇ ಮುಂದುವರಿಯಿತು. 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿಯೂ ಮುಗಿದು, ವರ್ಷಗಟ್ಟಲೆ ಚುನಾವಣೆಯಾಗದೆ ಸಭೆಗಳು ನೋಡಲ್ ಅಧಿಕಾರಿಗಳ ಪಾಲಿಗೆ ಬಂದವು. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ಪಾಲಿಕೆಗಳು. ಹೊಸ ಕಾಯ್ದೆಯಲ್ಲೂ ವಾರ್ಡ್ ಸಮಿತಿ ಇದೆ, ಆದ್ದರಿಂದ ಇದು ಮಾತಾಡಲು ಸರಿಯಾದ ಹೊತ್ತು.

ನನ್ನ ಸಲಹೆ ಪಿ.ಟಿ. ಮೇಷ್ಟ್ರದೇ. ಪಾರ್ಕಿನ ವಿಚಾರಕ್ಕೆ ಸಭೆ ಕರೆದರೆ ಪಾರ್ಕಿನಲ್ಲೇ ಕರೆಯಿರಿ, ಸಂಜೆ ಆರಕ್ಕೆ. ನಕ್ಷೆಯನ್ನು ಗೋಡೆಗೆ ಅಂಟಿಸಬೇಡಿ; ಎಲ್ಲಿ ಟ್ರ್ಯಾಕು, ಎಲ್ಲಿ ಜಾರುಬಂಡೆ, ಎಲ್ಲಿ ಕಬಡ್ಡಿ ಎಂದು ನೆಲದ ಮೇಲೇ ಸುಣ್ಣದಲ್ಲಿ ಗೆರೆ ಎಳೆದು ಒಂದು ವಾರ ಬಿಡಿ. ನಕ್ಷೆ ಓದಲು ಬಾರದವರಿಗೂ ಗೆರೆ ದಾಟಿ ನಡೆಯಲು ಬರುತ್ತದೆ. ಚೆಂಡು ಯಾರ ಕನ್ನಡಕದ ಕಡೆಗೆ ಹಾರುತ್ತದೆ ಎನ್ನುವುದು ಆಗಲೇ ಗೊತ್ತಾಗುತ್ತದೆ, ಗೆರೆಯನ್ನು ಅಳಿಸಿ ಅತ್ತ ಸರಿಸಿದರಾಯಿತು. ಕಾಂಕ್ರೀಟು ಬಿದ್ದಮೇಲೆ ಸರಿಸುವುದು ಆಗುವುದಿಲ್ಲ. ಎಷ್ಟು ದುಡ್ಡಿದೆ ಎನ್ನುವ ಚೀಟಿಯನ್ನೂ ಗೇಟಿನ ಹತ್ತಿರವೇ ಹಾಕಿ.

ಜಾಗ ಸಾಲದಿದ್ದರೆ ಹೊತ್ತನ್ನು ಹಂಚಿಕೊಳ್ಳಬಹುದು: ಬೆಳಿಗ್ಗೆ ಒಂಬತ್ತರ ತನಕ ನಡೆಯುವವರಿಗೆ, ಸಂಜೆ ನಾಲ್ಕರಿಂದ ಆರೂವರೆ ಮಕ್ಕಳಿಗೆ. ಮೊನ್ನೆ ಗುಡ್ಡದ ಮೆಟ್ಟಿಲ ಮೇಲೆ ಕೂತು ಇದನ್ನೇ ವಿವರಿಸುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಎಲ್ಲ ಕೇಳಿಸಿಕೊಂಡು, "ಒಪ್ಪಿದೆ ಮೇಷ್ಟ್ರೇ. ಆರೂವರೆ ಮೇಲೆ ನಮ್ಮ ಭಜನೆ ಮಂಡಳಿಗೆ ಬರೆದುಕೊಡ್ತೀರಾ?" ಎಂದರು. ಏಳಕ್ಕೆ ಶಟಲ್ ಆಡುವ ಹುಡುಗರಿದ್ದಾರೆ, ಅವರನ್ನೂ ಕೇಳಬೇಕಲ್ಲ ಎಂದೆ. ಮಾತುಕತೆ ಇನ್ನೂ ಮುಗಿದಿಲ್ಲ.