ನಿಮಗಿದು ಗೊತ್ತೆ? ಪೈಲಟ್ ‘ರೋಜರ್’ ಎಂದರೆ ಸಾಲದು!

ಹಾರಾಟದ ಮಾರ್ಗಕ್ಕೆ ವಾಯು ಸಂಚಾರ ನಿಯಂತ್ರಕರು ಕೊಡುವ ಅನುಮತಿಗೆ ಪೈಲಟ್ ‘ರೋಜರ್’ (ಕೇಳಿಸಿತು) ಎಂದಷ್ಟೇ ಉತ್ತರಿಸುವಂತಿಲ್ಲ! ಮಾರ್ಗ, ಎತ್ತರ, ದಿಕ್ಕು, ರಾಡಾರ್‌ನಲ್ಲಿ ವಿಮಾನವನ್ನು ಗುರುತಿಸುವ ಟ್ರಾನ್ಸ್‌ಪಾಂಡರ್ ಸಂಖ್ಯೆ ಎಲ್ಲವನ್ನೂ ತಿರುಗಿ ಒಪ್ಪಿಸಬೇಕು. ಕೇಳಿಸಿತೆ ಎಂಬುದಲ್ಲ, ಸರಿಯಾಗಿ ಕೇಳಿಸಿತೆ ಎಂಬುದು ಇದರಿಂದ ಮಾತ್ರ ತಿಳಿಯುತ್ತದೆ. ಹಾಗಾದರೆ ಸ್ಪೇನ್‌ನ ಟೆನೆರೀಫ್ ದ್ವೀಪದ ವಿಮಾನ ದುರಂತ ಏಕಾಯಿತು ಎಂದು ಕೇಳಬಹುದು. 1977ರ ಮಾರ್ಚ್ 27ರಂದು ಅಲ್ಲಿ ಕೆಎಲ್‌ಎಂ ವಿಮಾನದ ಸಹಪೈಲಟ್ ಮಾರ್ಗವನ್ನು ಒಪ್ಪಿಸಿಯೇ ಇದ್ದರು. ಆದರೂ ಎರಡು ಬೋಯಿಂಗ್ 747ಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಮಂದಿ ಸತ್ತರು. ದೋಷ ಒಪ್ಪಿಸುವ ಪದ್ಧತಿಯದ್ದಲ್ಲ. ಸಿಕ್ಕಿದ್ದು ಮಾರ್ಗದ ಅನುಮತಿ, ಟೇಕಾಫ್‌ ಅನುಮತಿಯಲ್ಲ; ಆದರೂ ಕೆಎಲ್‌ಎಂ ವಿಮಾನ ಟೇಕಾಫ್‌ಗೆ ಓಡತೊಡಗಿತ್ತು. ‘ಈಗ ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥದ ಮಾತನ್ನೂ ಸಹಪೈಲಟ್ ಕೊನೆಗೆ ಸೇರಿಸಿದ್ದರು. ನಿಯಂತ್ರಕರು ಮೊದಲು ‘ಓಕೆ’ ಎಂದರು. ಆಮೇಲೆ ಕಾಯುವಂತೆ ಹೇಳಿದರು. ಅದೇ ಕ್ಷಣಕ್ಕೆ ಇನ್ನೊಂದು ವಿಮಾನವಾದ ಪ್ಯಾನ್ ಆಮ್‌ನ ಪೈಲಟ್ ಕೂಡ ರೇಡಿಯೊದಲ್ಲಿ ಮಾತಾಡಿದ್ದರಿಂದ ಆ ಸೂಚನೆ ಕರ್ಕಶ ಸದ್ದಿನಲ್ಲಿ ಮುಳುಗಿತು. ಅಂದರೆ ಒಪ್ಪಿಸುವುದು ಅರ್ಧ ಕೆಲಸ; ಅದನ್ನು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ತಿದ್ದಿ, ತಿದ್ದಿದ್ದು ತಲುಪಿದಾಗಲೇ ಅದು ಪೂರ್ಣ. ಎರಡು ಅನುಮತಿಗಳ ನಡುವೆ ಇಂಥ ಗೊಂದಲ ಆಗದಿರಲೆಂದೇ ಇಂದು ‘ಟೇಕಾಫ್’ ಪದವನ್ನು ಟೇಕಾಫ್ ಅನುಮತಿ ಕೊಡುವಾಗ ಅಥವಾ ಹಿಂಪಡೆಯುವಾಗ ಮಾತ್ರ ಬಳಸಬೇಕೆಂಬ ನಿಯಮವಿದೆ.